ಎಪ್ಪತ್ತು ಪರ್ಸೆಂಟ್ ಬ್ಲಾಕ್ ಅಂದ್ರು, ಸ್ಟೆಂಟ್ ಹಾಕ್ಲಿಲ್ಲ: ನನ್ನ ಹತ್ತು ತಿಂಗಳ ಅನುಭವ

ನಾನು ಮಂಡ್ಯದವ್ಳು, ಮದ್ದೂರು ಕಡೆ ಒಂದು ಹೈಸ್ಕೂಲಲ್ಲಿ ಗಣಿತ ಟೀಚರ್, ವಯಸ್ಸು 53. ಶುಗರ್ ಎಂಟು ವರ್ಷದಿಂದ ಇದೆ, ಬಿಪಿಗೆ ಒಂದು ಮಾತ್ರೆ ನಡೀತಿದೆ. ಹೋದ ವರ್ಷ ಏಪ್ರಿಲ್‌ನಲ್ಲಿ ಹೃದಯದ ತೊಂದರೆ ಶುರುವಾಗಿ ಏನೇನಾಯ್ತು ಅಂತ ಪೂರ್ತಿ ಬರೀತಿದೀನಿ, ಯಾಕಂದ್ರೆ ಆವಾಗ ನಾನು ರಾತ್ರಿ ಎರಡು ಗಂಟೆವರೆಗೂ ಫೋನ್ ಹಿಡ್ಕೊಂಡು ಕನ್ನಡದಲ್ಲಿ ಇಂಥದ್ದೊಂದು ಯಾರಾದ್ರೂ ಬರ್ದಿದಾರಾ ಅಂತ ಹುಡುಕ್ದೆ, ಸಿಗ್ಲಿಲ್ಲ. ಸಿಕ್ಕಿದ್ದೆಲ್ಲ ಬೆಳ್ಳುಳ್ಳಿ ಶುಂಠಿ ನಿಂಬೆರಸ ಕುದಿಸಿ ಕುಡಿದ್ರೆ ಬ್ಲಾಕ್ ಕರಗೋಗುತ್ತೆ ಅನ್ನೋ ವಿಡಿಯೋಗಳು.

ವೈರಮುಡಿ ಮುಗಿದ್ಮೇಲೆ ರಶ್ ಇರಲ್ಲ ಅಂತ ಮೇಲುಕೋಟೆಗೆ ಹೋಗಿದ್ವಿ. ಯೋಗಾನರಸಿಂಹಸ್ವಾಮಿ ಬೆಟ್ಟದ ಮೆಟ್ಲು ಅರ್ಧ ಹತ್ತಿದ್ದೆ ಅಷ್ಟೇ, ಗಂಟಲ ಕೆಳಗೆ ಯಾರೋ ಅಂಗೈ ಇಟ್ಟು ಒತ್ತಿದಂಗಾಯ್ತು. ಎದೆನೋವು ಅಂತ ಹೇಳೋಕಾಗಲ್ಲ ಅದನ್ನ. ಎಡಗಡೆ ದವಡೆ ಬಿಗಿಯೋದು, ಬೆನ್ನಲ್ಲಿ ಎಡ ಭುಜದ ಕೆಳಗೆ ಹಿಡ್ಕೊಂಡಂಗೆ, ಮೈಯೆಲ್ಲ ತಣ್ಣಗೆ ಬೆವರು. ಐದು ನಿಮಿಷ ಕೂತೆ, ಹೋಯ್ತು. ಆಮೇಲೆ ಸ್ಕೂಲಲ್ಲಿ ಮೇಲಿನ ಕ್ಲಾಸ್‌ರೂಮಿಗೆ ಹತ್ತುವಾಗ ಒಂದೆರಡು ಸಲ, ಬಕೆಟ್ ನೀರು ಎತ್ತಿದಾಗ ಒಂದು ಸಲ. ಹತ್ತಿರದ ಕ್ಲಿನಿಕ್ಕಿಗೆ ತೋರಿಸ್ದೆ, ಇಸಿಜಿ ತೆಗೆದ್ರು, ನಾರ್ಮಲ್ ಬಂತು, ಗ್ಯಾಸ್ ಟ್ರಬಲ್ ಅಂತ ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಳೋ ಮಾತ್ರೆ ಕೊಟ್ರು. ನಿಮ್ಮ ವಯಸ್ಸಿಗೆ ಮುಟ್ಟು ನಿಲ್ಲೋ ಟೈಮು, ಟೆನ್ಷನ್ ಮಾಡ್ಕೋಬೇಡಿ ಅಂದ್ರು. ಎರಡು ತಿಂಗಳು ಆ ಮಾತ್ರೆ ನುಂಗಿದೀನಿ. ಆರಾಮಾಗಿ ಕೂತಿದ್ದಾಗ ತೆಗೆದ ಇಸಿಜಿ ನಾರ್ಮಲ್ ಬಂದ್ರೂ ರಕ್ತನಾಳದಲ್ಲಿ ಬ್ಲಾಕ್ ಇರ್ಬೋದು ಅನ್ನೋದು ನನಗಾಗ ಗೊತ್ತಿರ್ಲಿಲ್ಲ. ಗಂಡಸ್ರು ಯಾರಾದ್ರೂ ಹೋಗಿ ಮೆಟ್ಲು ಹತ್ತಿದ್ರೆ ಎದೆ ಬಿಗಿಯುತ್ತೆ ಅಂದಿದ್ರೆ ಹಂಗೇ ಕಳಿಸ್ತಿದ್ರಾ ಅಂತ ಇವತ್ತಿಗೂ ಅನ್ನಿಸುತ್ತೆ ನಂಗೆ.

ಜೂನ್ ಕೊನೆಗೆ ಹಾಸನದಲ್ಲಿ ಹಾರ್ಟ್ ಅಟ್ಯಾಕಿಂದ ಜನ ಸಾಯ್ತಿರೋ ಸುದ್ದಿ ಟಿವಿಲಿ ದಿನಾ ಬರೋಕೆ ಶುರುವಾಯ್ತಲ್ಲ, ಮೈಸೂರು ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಜನ ಕ್ಯೂ ನಿಂತಿದ್ದು ತೋರಿಸ್ತಿದ್ರು. 2021ರಲ್ಲಿ ಅಪ್ಪು ಹೋದಾಗಲೂ ಹಿಂಗೇ ಆಗಿತ್ತು. ನಮ್ಮತ್ತೆ ಟಿವಿ ಮುಂದೆ ಕೂತ್ಕೊಂಡು "ಏಳವ್ವ, ಒಂದಪ ತೋರ್ಸ್ಕಂಡ್ ಬಂದ್ಬುಡು, ಮೆಟ್ಲಲ್ಲಿ ಕುಂತ್ಕತೀಯ ಕಣವ್ವ ನೀನು, ನಾನ್ ನೋಡಿವ್ನಿ" ಅಂದ್ರು. ಯಾರ ಹತ್ರನೂ ನಾನು ಹೇಳ್ಕೊಂಡಿರ್ಲಿಲ್ಲ, ಅವ್ರು ಮಾತ್ರ ಗಮನಿಸಿದ್ರು.

ಟಿಎಂಟಿ ಮಾಡಿಸ್ದೆ. ಟ್ರೆಡ್‌ಮಿಲ್ ಮೇಲೆ ನಡಿಸ್ತಾರೆ, ಮೂರು ನಿಮಿಷಕ್ಕೊಂದ್ಸಲ ಸ್ಪೀಡೂ ಜಾಸ್ತಿ ಏರೂ ಜಾಸ್ತಿ. ಐದೂವರೆ ನಿಮಿಷಕ್ಕೆ ದವಡೆ ಬಿಗೀತು, ನಿಲ್ಲಿಸ್ಬಿಟ್ರು. ರಿಪೋರ್ಟ್ ಪಾಸಿಟಿವ್, ಆದ್ರೆ ಆ ಟೆಸ್ಟು ಹೆಂಗಸ್ರಲ್ಲಿ ಬ್ಲಾಕ್ ಇಲ್ದಿದ್ರೂ ಪಾಸಿಟಿವ್ ಬರೋದು ಜಾಸ್ತಿಯಂತೆ, ಅದಕ್ಕೆ ಸಿಟಿ ಆಂಜಿಯೋ, ಅಂದ್ರೆ ಡೈ ಕೊಟ್ಟು ಹೃದಯದ ನಾಳಗಳ ಸ್ಕ್ಯಾನ್, ಮಾಡಿಸಿ ಅಂದ್ರು. ಹಿಂದಿನ ದಿನದಿಂದ ಕಾಫಿ ಟೀ ಬಂದ್. ಅದೊಂದು ಕಷ್ಟ ಆಯ್ತು, ತಲೆನೋವು. ಎದೆಬಡಿತ ನಿಮಿಷಕ್ಕೆ ಅರವತ್ತರ ಹತ್ತಿರ ಇರ್ಬೇಕು, ಇಲ್ಲಾಂದ್ರೆ ಫೋಟೋ ಅಲುಗಾಡುತ್ತೆ ಅಂತ, ನಂದು 92 ಇತ್ತು, ಮೆಟೊಪ್ರೊಲಾಲ್ ಕೊಟ್ಟು ಒಂದೂವರೆ ಗಂಟೆ ಕೂರಿಸಿದ್ರು, 61ಕ್ಕೆ ಬಂತು. ಕ್ರಿಯಾಟಿನಿನ್ ಮೊದಲೇ ನೋಡಿದ್ರು, ಡೈ ಕಿಡ್ನಿ ಮೂಲಕನೇ ಹೋಗ್ಬೇಕಲ್ವಾ. ನಾಲಿಗೆ ಕೆಳಗೆ ಒಂದು ಮಾತ್ರೆ, ಆಮೇಲೆ ಮೆಷಿನ್ ಒಳಗೆ ಕೈ ಮೇಲೆ ಎತ್ತಿ ಮಲಗಿಸಿ ಡೈ ಬಿಟ್ಟಾಗ ಗಂಟಲಿಂದ ಹೊಟ್ಟೆ ಕೆಳಗಿನವರೆಗೂ ಬಿಸಿ ಹರಿದಂಗಾಗುತ್ತೆ, ಉಚ್ಚೆ ಹೋಗ್ಬಿಡ್ತೇನೋ ಅಂತ ಗಾಬರಿಯಾಗುತ್ತೆ, ಹೋಗಿರಲ್ಲ, ಯಾರೂ ಹೆದರ್ಬೇಡಿ. ಉಸಿರು ಕಟ್ಟಿ ಅಂದಾಗ ಕಟ್ಟಬೇಕು ಅಷ್ಟೇ.

ರಿಪೋರ್ಟಲ್ಲಿ ಎಲ್‌ಎಡಿ ಅನ್ನೋ ರಕ್ತನಾಳದ ಮಧ್ಯದಲ್ಲಿ 60ರಿಂದ 70 ಪರ್ಸೆಂಟ್ ಅಂತ ಬಂತು. ಹೃದಯದ ಮುಂಭಾಗಕ್ಕೆಲ್ಲ ರಕ್ತ ಕೊಡೋ ದೊಡ್ಡ ನಾಳ ಅದು.

ರಿಪೋರ್ಟ್ ತಗೊಂಡು ಹೋದ ಮೊದಲನೇ ಆಸ್ಪತ್ರೆ ಹೆಸರು ನಾನು ಹೇಳಲ್ಲ. ಅಲ್ಲಿ ಕಂಪ್ಯೂಟರ್ ತಿರುಗಿಸಿ ತೋರಿಸಿ "ಮೇನ್ ನಾಳದಲ್ಲೇ ಇದೆ, ಟೈಂ ಬಾಂಬ್ ಇದ್ದಂಗೆ, ಮನೆಗೆ ಕರ್ಕೊಂಡು ಹೋಗ್ತೀರಾ?" ಅಂತ ನಮ್ಮನೆಯವ್ರನ್ನ ಕೇಳಿದ್ರು. ನಾನು ಪಕ್ಕದಲ್ಲೇ ಕೂತಿದ್ದೆ, ನನ್ನನ್ನ ಕೇಳ್ಲಿಲ್ಲ. ಹತ್ತು ನಿಮಿಷದಲ್ಲಿ ನಾಲ್ಕು ಪುಟದ ಇಂಗ್ಲಿಷ್ ಫಾರಂ ಬಂತು, ಸಹಿ ಮಾಡೋ ಜಾಗಕ್ಕೆ ಪೆನ್ಸಿಲ್‌ನಲ್ಲಿ ರೈಟ್ ಗುರುತು. ಇವ್ರು ಮೂರು ಕಡೆ ಸಹಿ ಹಾಕೇಬಿಟ್ಟಿದ್ರು, ಕೈ ನಡುಗ್ತಿತ್ತು ಪಾಪ ಅವ್ರಿಗೆ. ನಾನು ಕೊಡಿ ಇಲ್ಲಿ ಅಂತ ಇಸ್ಕೊಂಡು ಓದಿದ್ರೆ ಆಂಜಿಯೋಗ್ರಾಂ (ಒಳಗೆ ಟ್ಯೂಬ್ ತೂರಿಸಿ ನಾಳದ ಫೋಟೋ ತೆಗೆಯೋದು) ಮಾಡ್ತಾ ಬ್ಲಾಕ್ ಕಂಡ್ರೆ ಆವಾಗ್ಲೇ ಸ್ಟೆಂಟ್, ಅಂದ್ರೆ ನಾಳ ತೆರೆದಿಡೋ ಜಾಲರಿ ಕೊಳವೆ, ಹಾಕೋದಕ್ಕೂ ಅದ್ರಲ್ಲೇ ಒಪ್ಪಿಗೆ ಸೇರಿತ್ತು. ಇದೇನು ಅಂದೆ. "ರೊಟೀನ್ ಮೇಡಂ, ಎಲ್ರೂ ಹಾಕ್ತಾರೆ" ಅಂದ್ರು. ಒಂದು ದಿನ ಟೈಮ್ ಕೊಡಿ ಅಂತ ಹೇಳಿ ಎದ್ದು ಬಂದೆ. ಧೈರ್ಯದಿಂದ ಬಂದಿದ್ದಲ್ಲ ಅದು, ಕಾಲು ನಡುಗ್ತಾ ಇತ್ತು. ಅರ್ಥ ಆಗ್ದೆ ಸಹಿ ಹಾಕ್ಬಾರ್ದು ಅಂತ ಮಕ್ಕಳಿಗೆ ಇಪ್ಪತ್ತೈದು ವರ್ಷದಿಂದ ಹೇಳ್ತಿದೀನಲ್ಲ, ಅದಷ್ಟೇ ತಲೇಲಿ ಇದ್ದಿದ್ದು.

ಆ ರಾತ್ರಿ ಮನೇಲಿ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ. ನಮ್ಮ ಭಾವ ಫೋನ್ ಮಾಡಿ "ಬ್ಲಾಕ್ ಇಟ್ಕಂಡ್ ಓಡಾಡೂದಾ? ದುಡ್ಡಿಗೆ ಯೋಚ್ನೆ ಮಾಡ್ಬೇಡ, ಹಾಕ್ಸ್ಬುಡು" ಅಂದ್ರು. ದುಡ್ಡಿನ ವಿಷಯ ಅಲ್ವೇ ಅಲ್ಲ. 2017ರ ಫೆಬ್ರವರಿಯಲ್ಲೇ ಸರ್ಕಾರ ಔಷಧಿ ಲೇಪನದ ಸ್ಟೆಂಟಿಗೆ 29,600 ರೂಪಾಯಿ ಅಂತ ಮೇಲ್ಮಿತಿ ಹಾಕಿತ್ತು, ಆಮೇಲೆ ವರ್ಷ ವರ್ಷ ಸ್ವಲ್ಪ ಬದಲಾಗಿದೆ, ನಮ್ಮ ಕೈಗೆ ಎಟುಕದ್ದೇನಲ್ಲ. ನಂಗೆ ಬೇಕಾಗಿದ್ದು ಒಂದೇ ಪ್ರಶ್ನೆಗೆ ಉತ್ತರ. ಇದನ್ನ ಹಾಕಿಸ್ಕೊಂಡ್ರೆ ನಂಗೆ ಹಾರ್ಟ್ ಅಟ್ಯಾಕ್ ಆಗಲ್ವಾ?

ಮಗಳು ಮೈಸೂರಲ್ಲಿ ಬಿ.ಫಾರ್ಮ್ ಓದ್ತಿದಾಳೆ. ಅವ್ಳು ಲ್ಯಾಪ್‌ಟಾಪ್ ತೆಗೆದು "ಅಮ್ಮ, ಇದನ್ನ ಈಗಾಗ್ಲೇ ಟ್ರಯಲ್ ಮಾಡಿ ನೋಡಿದಾರೆ, ನೀನೇ ಲೆಕ್ಕ ನೋಡು" ಅಂತ ನನ್ನ ಮುಂದೆ ಇಟ್ಲು. ಇಬ್ರೂ ಕೂತ್ಕೊಂಡು ಓದಿದ್ವಿ. ಇಂಗ್ಲಿಷ್ ಕಷ್ಟ ಆಯ್ತು, ಅಂಕಿ ಕಷ್ಟ ಆಗ್ಲಿಲ್ಲ.

2007ರಲ್ಲಿ ಕರೇಜ್ ಅಂತ ಒಂದು ಟ್ರಯಲ್ ಫಲಿತಾಂಶ ಬಂತು, ಅಮೆರಿಕ ಕೆನಡಾದಲ್ಲಿ 2,287 ಜನ. ಮೆಟ್ಲು ಹತ್ತಿದ್ರೆ ನೋವು, ಕೂತ್ರೆ ಹೋಗುತ್ತೆ ಅನ್ನೋ ನನ್ನ ತರದವ್ರು. ಅರ್ಧ ಜನಕ್ಕೆ ಸ್ಟೆಂಟೂ ಮಾತ್ರೆನೂ, ಇನ್ನರ್ಧ ಜನಕ್ಕೆ ಬರೀ ಮಾತ್ರೆ, ಯಾರು ಯಾವ ಗುಂಪು ಅನ್ನೋದು ಚೀಟಿ ಎತ್ತಿದಂಗೆ. ನಾಲ್ಕೂವರೆ ವರ್ಷದ ಮೇಲೆ ಲೆಕ್ಕ ಹಾಕಿದ್ರೆ ಸಾವು ಅಥವಾ ಹಾರ್ಟ್ ಅಟ್ಯಾಕ್ ಸ್ಟೆಂಟ್ ಗುಂಪಲ್ಲಿ 19 ಪರ್ಸೆಂಟ್, ಮಾತ್ರೆ ಗುಂಪಲ್ಲಿ 18.5. ಅಂದ್ರೆ ವ್ಯತ್ಯಾಸನೇ ಇಲ್ಲ. ಆದ್ರೂ ಜನ ಒಪ್ಪಲಿಲ್ಲ, ಇವ್ರಲ್ಲಿ ಸೀರಿಯಸ್ ಕೇಸ್‌ಗಳು ಕಮ್ಮಿ ಇದ್ವು ಅಂದ್ರು. ಅದಕ್ಕೆ ಇನ್ನೊಂದು ದೊಡ್ಡದು ಮಾಡಿದ್ರು, ಇಸ್ಕೀಮಿಯಾ ಅಂತ, 37 ದೇಶ, ನಮ್ಮ ಭಾರತದವ್ರೂ ಇದ್ರು, ಒಟ್ಟು 5,179 ಜನ, 2020ರಲ್ಲಿ ಪ್ರಕಟ ಆಯ್ತು. ಈ ಸಲ ಟೆಸ್ಟಲ್ಲಿ ಜಾಸ್ತಿ ತೊಂದರೆ ಕಂಡವ್ರನ್ನೇ ಸೇರಿಸ್ಕೊಂಡಿದ್ರು. ಸ್ಟೆಂಟು ಅಥವಾ ಬೈಪಾಸ್ ಅಂತ ಮೊದಲೇ ಕರ್ಕೊಂಡು ಹೋದ ಗುಂಪಲ್ಲಿ ತೀರ್ಕೊಂಡವ್ರು 145, ಮೊದಲು ಮಾತ್ರೆ ಅಂದ ಗುಂಪಲ್ಲಿ 144.

145, 144. ಈ ಎರಡು ಸಂಖ್ಯೆನ ನಾನು ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಐದು ಸಾವಿರ ಜನ ಅಂದ್ರೆ ನಮ್ಮ ತಾಲ್ಲೂಕಿನ ಒಂದು ದೊಡ್ಡ ಊರು.

ಮರುದಿನ ಮೈಸೂರಲ್ಲಿ ಇನ್ನೊಬ್ಬ ಡಾಕ್ಟರ ಹತ್ರ ಹೋದ್ವಿ, ಬೆಳಗಿನ ಮೆಮು ಟ್ರೈನಿಗೆ. ನಾನು ನೋಟ್‌ಬುಕ್ ತೆಗೆದು ಇಟ್ಟೆ. ಅವ್ರು ಸಿಟ್ಟು ಮಾಡ್ಕೊಳ್ಳಿಲ್ಲ. "ನೋಡಿಮ್ಮ, ನೀವು ಓದಿರೋದು ಸರಿ. ಆದ್ರೆ ಆ ಟ್ರಯಲ್‌ಗೆ ಯಾರನ್ನ ಸೇರಿಸ್ಲಿಲ್ಲ ಅನ್ನೋದನ್ನೂ ಓದ್ಬೇಕು" ಅಂದ್ರು. ಎಡಗಡೆಯ ಬುಡದ ನಾಳ, ಲೆಫ್ಟ್ ಮೇನ್ ಅಂತಾರೆ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಲಾಕ್ ಇದ್ದವ್ರನ್ನ ತಗೊಂಡಿರ್ಲಿಲ್ಲ, ಅದನ್ನ ನೋಡೋಕೇ ಅಲ್ಲಿ ಹೆಚ್ಚಿನವ್ರಿಗೆ ಮೊದಲು ಸಿಟಿ ಮಾಡಿದ್ರಂತೆ. ಹೃದಯದ ಪಂಪಿಂಗ್ ತುಂಬ ಕಮ್ಮಿ ಇದ್ದವ್ರನ್ನ ತಗೊಂಡಿರ್ಲಿಲ್ಲ. ಮಾತ್ರೆ ತಗೊಂಡ್ರೂ ತಡ್ಕೊಳ್ಳೋಕಾಗ್ದಷ್ಟು ನೋವಿದ್ದವ್ರನ್ನ ತಗೊಂಡಿರ್ಲಿಲ್ಲ. ನಂದು ಲೆಫ್ಟ್ ಮೇನ್ ಕ್ಲೀನ್ ಇತ್ತು, ಎಕೋ ಮಾಡಿದ್ರು, ಪಂಪಿಂಗ್ 60 ಪರ್ಸೆಂಟ್ ಬಂತು. ಆಮೇಲೆ ಇನ್ನೊಂದು ಮಾತು ಒತ್ತಿ ಒತ್ತಿ ಹೇಳಿದ್ರು, ನಾನೂ ಇಲ್ಲಿ ಒತ್ತಿ ಬರೀತೀನಿ. ಇದೆಲ್ಲ ಹಾರ್ಟ್ ಅಟ್ಯಾಕ್ ಆಗ್ತಿರೋವ್ರಿಗೆ ಅನ್ವಯಿಸಲ್ಲ. ಕೂತಿದ್ದಾಗ ಬಂದ ನೋವು, ಹತ್ತು ಹದಿನೈದು ನಿಮಿಷ ಆದ್ರೂ ಹೋಗದ ನೋವು, ದಿನೇ ದಿನೇ ಜಾಸ್ತಿ ಆಗ್ತಿರೋ ನೋವು ಬಂದ್ರೆ ಓದ್ಕೊಂಡು ಕೂರೋ ಹಾಗಿಲ್ಲ, ಆವಾಗ ಸ್ಟೆಂಟೇ ಜೀವ ಉಳಿಸೋದು, ಪ್ರತಿ ನಿಮಿಷನೂ ಲೆಕ್ಕ. ದೂರ ಇದ್ರೆ ಮೊದಲು ತಾಲ್ಲೂಕು ಆಸ್ಪತ್ರೆಗೇ ಹೋಗಿ, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಲಿ ಇಸಿಜಿ ಮಾಡಿ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಫ್ರೀಯಾಗಿ ಕೊಡ್ತಾರೆ. ಮೈಸೂರಿಗೇ ಹೋಗ್ಬೇಕು ಅಂತ ದಾರಿಲಿ ಟೈಮ್ ಕಳೀಬೇಡಿ.

ಹಂಗಾದ್ರೆ 70 ಪರ್ಸೆಂಟ್ ಬ್ಲಾಕ್ ತೆಗೆದ್ರೂ ಅಟ್ಯಾಕ್ ಯಾಕೆ ತಪ್ಪಲ್ಲ ಅಂತ ಕೇಳ್ದೆ. ಅಟ್ಯಾಕ್ ಆಗೋದು ನಾಳದ ಗೋಡೆಲಿರೋ ಕೊಬ್ಬಿನ ಗಂಟು ಒಡೆದು ಅದ್ರ ಮೇಲೆ ರಕ್ತ ಹೆಪ್ಪುಗಟ್ಟಿದಾಗ, ಎಷ್ಟೋ ಸಲ ಒಡೆಯೋದು ಸಣ್ಣ ಗಂಟೇ, ಟೆಸ್ಟಲ್ಲಿ ದೊಡ್ಡದಾಗಿ ಕಾಣೋದಲ್ಲ. ಸ್ಟೆಂಟು ಒಂದೇ ಜಾಗ ಸರಿ ಮಾಡುತ್ತೆ, ಕೊಲೆಸ್ಟ್ರಾಲ್ ಇಳಿಸೋ ಸ್ಟಾಟಿನ್ ಮಾತ್ರೆ ಮೈಯಲ್ಲಿರೋ ಎಲ್ಲಾ ನಾಳದಲ್ಲೂ ಕೆಲಸ ಮಾಡುತ್ತೆ. ಸ್ಕಾಟ್ಲೆಂಡಲ್ಲಿ 4,146 ಜನರ ಮೇಲೆ ಒಂದು ಸ್ಟಡಿ ಮಾಡಿದ್ರಂತೆ, ಎದೆನೋವು ಅಂತ ಬಂದವ್ರಲ್ಲಿ ಅರ್ಧ ಜನಕ್ಕೆ ಮಾಮೂಲಿ ಟೆಸ್ಟ್ ಜೊತೆಗೆ ಸಿಟಿ ಆಂಜಿಯೋನೂ ಮಾಡಿದ್ರು. ಐದು ವರ್ಷದಲ್ಲಿ ಸಿಟಿ ಮಾಡಿದ ಗುಂಪಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಹೃದಯದ ಕಾಯಿಲೆಯಿಂದ ಸಾವು 2.3 ಪರ್ಸೆಂಟ್, ಮಾಡ್ದೇ ಇರೋ ಗುಂಪಲ್ಲಿ 3.9. ಸಿಟಿಲಿ ಏನೂ ವಾಸಿ ಆಗಲ್ಲ, ಅದು ಬರೀ ಫೋಟೋ. ಆದ್ರೆ ಗಂಟು ಕಣ್ಣಿಗೆ ಕಂಡಿದ್ದಕ್ಕೆ ಡಾಕ್ಟ್ರು ಮಾತ್ರೆ ಸರಿಯಾಗಿ ಬರೆದ್ರು, ಜನನೂ ತಗೊಂಡ್ರು. ನನ್ನ ಎಲ್‌ಡಿಎಲ್ ಕೊಲೆಸ್ಟ್ರಾಲ್ 148 ಇತ್ತು, ಅದು 70ಕ್ಕಿಂತ ಕೆಳಗೆ ಬರ್ಬೇಕು ಅಂದ್ರು. ಯಾರೂ ಅಲ್ಲಿವರೆಗೆ ನೋಡೇ ಇರ್ಲಿಲ್ಲ ಅದನ್ನ.

ಆರು ವಾರ ಮಾತ್ರೆ ಕೊಟ್ರು. ಆಸ್ಪಿರಿನ್, ಅಟೊರ್ವಾಸ್ಟಾಟಿನ್, ಮೆಟೊಪ್ರೊಲಾಲ್, ಬಿಪಿದು ಬೇರೆ, ನೋವು ಬಂದ್ರೆ ಕೂತ್ಕೊಂಡು ನಾಲಿಗೆ ಕೆಳಗಿಡೋಕೆ ಸಾರ್ಬಿಟ್ರೇಟ್. ಉಪ್ಸಾರಿಗೆ ಉಪ್ಪು ಅರ್ಧ ಮಾಡಿದ್ವಿ, ಅತ್ತೆ ಮಾತ್ರ ಇದು ಉಪ್ಸಾರೇ ಅಲ್ಲ ಅಂತಾರೆ. ದಿನಾ ಸಂಜೆ ನಡಿಗೆ. ನೋವು ವಾರಕ್ಕೆ ನಾಲ್ಕೈದು ಸಲ ಬರ್ತಿದ್ದದ್ದು ವಾರಕ್ಕೊಂದಕ್ಕೆ ಇಳೀತು, ಪೂರ್ತಿ ಹೋಗ್ಲಿಲ್ಲ. ನೋವಿನ್ನೂ ಇದೆ, ಬ್ಲಾಕ್ ಇರೋ ಜಾಗನೂ ದೊಡ್ಡ ನಾಳ, ಜೊತೆಗೆ ನಾಳದಲ್ಲಿ ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ ಕಡೆ ಸಿಟಿಲಿ ಬ್ಲಾಕ್ ಇರೋದಕ್ಕಿಂತ ಜಾಸ್ತಿ ಕಾಣೋ ಸಾಧ್ಯತೆ ಇರುತ್ತೆ, ಅದಕ್ಕೆ ಆಂಜಿಯೋಗ್ರಾಂ ಮಾಡಿ ಪ್ರೆಷರ್ ವೈರ್ ಹಾಕಿ ಅಳೆದೇ ತೀರ್ಮಾನ ಮಾಡೋಣ ಅಂದ್ರು. ಎಫ್‌ಎಫ್‌ಆರ್ ಅಂತಾರೆ ಅದಕ್ಕೆ. ಆ ವೈರೂ ಅಗ್ಗದ್ದಲ್ಲ.

ಈ ಎಫ್‌ಎಫ್‌ಆರ್ ನಂಗೆ ಅರ್ಥ ಆಗಿದ್ದು ನಮ್ಮನೆಯವ್ರಿಂದ. ನಮ್ಮ ಜಮೀನು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ, ಟೈಲ್ ಎಂಡ್ ಅಂತೀವಲ್ಲ, ಅಲ್ಲಿಗೆ ನೀರು ಬರೋದು ಯಾವಾಗ್ಲೂ ಜಗಳನೇ. ಡಾಕ್ಟ್ರು ಬ್ಲಾಕಿನ ಮುಂಚೆ ಪ್ರೆಷರ್ ಎಷ್ಟು, ದಾಟಿದ್ಮೇಲೆ ಎಷ್ಟು ಅಂತ ಅಳೀತೀವಿ, ಅಳೆಯುವಾಗ ಔಷಧಿ ಬಿಟ್ಟು ರಕ್ತ ಪೂರ್ತಿ ಜೋರಾಗಿ ಹರಿಯೋ ಹಂಗೆ ಮಾಡ್ತೀವಿ ಅಂತ ವಿವರಿಸ್ತಿದ್ರು. ಇವ್ರು ಸುಮ್ನೆ ಕೇಳ್ತಾ ಕೂತಿದ್ದವ್ರು "ಅಂದ್ರೆ ಸಾರ್, ನಾಲೇಲಿ ಹೂಳು ಎಷ್ಟೈತೆ ಅಂತ ನೋಡದಲ್ಲ, ತೂಬು ಪೂರ್ತಿ ಎತ್ತಿ ಕೊನೆ ಗದ್ದೆಗೆ ನೀರು ಬತ್ತದಾ ಇಲ್ವಾ ನೋಡದು" ಅಂದ್ರು. ಡಾಕ್ಟ್ರು ಅದೇ ಅಂದ್ರು. ದಾಟಿದ್ಮೇಲಿನ ಪ್ರೆಷರನ್ನ ಮುಂಚಿನದ್ರಿಂದ ಭಾಗಿಸಿದಾಗ 0.80ಗಿಂತ ಜಾಸ್ತಿ ಬಂದ್ರೆ ಸ್ಟೆಂಟ್ ಬೇಕಾಗಲ್ಲ. 2009ರಲ್ಲಿ ಫೇಮ್ ಅಂತ ಟ್ರಯಲ್, 1,005 ಜನ, ಕಣ್ಣಲ್ಲಿ ನೋಡಿ ಹಾಕಿದವ್ರಿಗಿಂತ ಹಿಂಗೆ ಅಳೆದು ಹಾಕಿದವ್ರಿಗೆ ಸ್ಟೆಂಟೂ ಕಮ್ಮಿ ಬಿತ್ತು, ಒಂದು ವರ್ಷದಲ್ಲಿ ತೊಂದರೆನೂ ಕಮ್ಮಿ ಆಯ್ತು, 18.3 ಪರ್ಸೆಂಟ್ ಇದ್ದಿದ್ದು 13.2.

ದಸರಾ ಮುಗಿದ ಮರುವಾರ ಅಡ್ಮಿಟ್ ಆದೆ. ಹಿಂದಿನ ರಾತ್ರಿ ನಿದ್ದೆ ಬರ್ದೆ ಮಗಳು ಕಳಿಸಿದ್ದನ್ನೆಲ್ಲ ಓದ್ತಿದ್ದೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡ್ ಅನ್ನೋ ಊರಲ್ಲಿ ಫೋರ್ಸ್‌ಮನ್ ಅಂತ ಒಬ್ಬ ಎಳೇ ಡಾಕ್ಟ್ರು ತನ್ನ ತೋಳಿನ ನಾಳದೊಳಗೆ ತಾನೇ 65 ಸೆಂಟಿಮೀಟರ್ ಕೊಳವೆ ತೂರಿಸ್ಕೊಂಡು ಎಕ್ಸ್‌ರೇ ರೂಮಿಗೆ ನಡ್ಕೊಂಡು ಹೋಗಿ ಹೃದಯದೊಳಗೆ ಅದು ತಲುಪಿದೆ ಅಂತ ಫೋಟೋ ತೆಗೆಸಿದ್ರಂತೆ. ಮೊದಲು ನನಗೇ ಮಾಡಿ ಅಂತ ಒಬ್ಬರು ನರ್ಸ್ ಒಪ್ಕೊಂಡಿದ್ರು, ಅವ್ರನ್ನ ಟೇಬಲ್ಲಿಗೆ ಕಟ್ಟಿ ಮಲಗಿಸಿ ಈತ ತನಗೇ ಮಾಡ್ಕೊಂಡ್ಬಿಟ್ರು. 1956ರಲ್ಲಿ ನೊಬೆಲ್ ಬಂತು ಅವ್ರಿಗೆ. 1977ರ ಸೆಪ್ಟೆಂಬರ್ 16ಕ್ಕೆ ಜ್ಯೂರಿಕ್‌ನಲ್ಲಿ ಗ್ರುಂಟ್ಜಿಗ್ ಅನ್ನೋ ಡಾಕ್ಟ್ರು ಮನೆಯ ಅಡಿಗೆಮನೆ ಟೇಬಲ್ ಮೇಲೆ ಮಾಡಿ ಮಾಡಿ ಸರಿಪಡಿಸಿದ ಬಲೂನನ್ನ ಮೊದಲ ಸಲ ಎಚ್ಚರವಾಗಿರೋ ಮನುಷ್ಯನ ಹೃದಯದ ನಾಳದಲ್ಲಿ ಉಬ್ಬಿಸಿದ್ರು. ಆ ರೋಗಿಗೆ 38 ವರ್ಷ. ಬ್ಲಾಕ್ ಇದ್ದಿದ್ದು ಎಲ್‌ಎಡಿಲಿ, ನಂದೇ ನಾಳ. ಹತ್ತು ವರ್ಷದ ಮೇಲೆ ನೋಡಿದಾಗಲೂ ಆ ಜಾಗ ತೆರೆದೇ ಇತ್ತಂತೆ. ಯಾರಿಗೂ ಮಾಡ್ದೇ ಇರೋದನ್ನ ನಂಗೆ ಮಾಡಿ ಅಂತ ಮಲಗಿದ್ರಲ್ಲ ಅವ್ರು, ಅದನ್ನ ಓದ್ದಾಗ ನನ್ನ ಭಯ ಸ್ವಲ್ಪ ತಗ್ತು.

ಅದಕ್ಕಿಂತ ನನ್ನ ಮನಸ್ಸು ಕಲಕಿದ್ದು ಆರ್ಬಿಟಾ ಅನ್ನೋ ಟ್ರಯಲ್. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರಾಶಾ ಅಲ್-ಲಾಮಿ ಅನ್ನೋ ಡಾಕ್ಟ್ರು ಮಾಡಿದ್ದು, ಹೆಣ್ಮಗಳು, 2017ರಲ್ಲಿ ಬಂತು. ಒಂದೇ ನಾಳದಲ್ಲಿ 70 ಪರ್ಸೆಂಟಿಗಿಂತ ಜಾಸ್ತಿ ಬ್ಲಾಕ್ ಇರೋ 200 ಜನ. ಆರು ವಾರ ಮಾತ್ರೆ ಸರಿ ಮಾಡಿ, ಆಮೇಲೆ ಎಲ್ರನ್ನೂ ಕ್ಯಾಥ್ ಲ್ಯಾಬಿಗೆ, ಅಂದ್ರೆ ಆಂಜಿಯೋಗ್ರಾಂ ಮಾಡೋ ರೂಮಿಗೆ, ಕರ್ಕೊಂಡು ಹೋಗಿ, ಕಿವಿಗೆ ಹೆಡ್‌ಫೋನ್ ಹಾಕಿ, ಮಂಪರು ಕೊಟ್ಟು, 105 ಜನಕ್ಕೆ ನಿಜವಾಗ್ಲೂ ಸ್ಟೆಂಟ್ ಹಾಕಿದ್ರು, 95 ಜನಕ್ಕೆ ಏನೂ ಹಾಕ್ದೆ ಕಾಲು ಗಂಟೆಯಾದ್ರೂ ಟೇಬಲ್ ಮೇಲೆ ಹಾಗೇ ಮಲಗಿಸಿ ವಾಪಸ್ ಕಳಿಸಿದ್ರು. ವಾರ್ಡಲ್ಲಿ ನೋಡ್ಕೊಳೋವ್ರಿಗೂ ಗೊತ್ತಿಲ್ಲ ಯಾರಿಗೆ ಏನಾಗಿದೆ ಅಂತ. ಆರು ವಾರದ ಮೇಲೆ ಟ್ರೆಡ್‌ಮಿಲ್ ಹತ್ತಿಸಿದ್ರೆ ಸ್ಟೆಂಟ್ ಹಾಕಿಸ್ಕೊಂಡವ್ರು ಮುಂಚೆಗಿಂತ 28 ಸೆಕೆಂಡ್ ಜಾಸ್ತಿ ನಡೆದ್ರು, ಹಾಕ್ದೇ ಇರೋವ್ರು 12 ಸೆಕೆಂಡ್ ಜಾಸ್ತಿ. ಖಚಿತವಾಗಿ ಸ್ಟೆಂಟಿಂದಲೇ ಆಯ್ತು ಅನ್ನೋಷ್ಟು ಅಂತರ ಅಲ್ಲ. ಅಲ್ಲಿಗೆ ಸ್ಟೆಂಟ್ ವೇಸ್ಟ್ ಅಂತ ತಿಳ್ಕೋಬಾರ್ದು, ಅದೇ ತಂಡ 2023ರಲ್ಲಿ 301 ಜನರ ಮೇಲೆ ಇನ್ನೊಂದು ಮಾಡಿ, ಎದೆನೋವಿನ ಮಾತ್ರೆ ನಿಲ್ಲಿಸಿದವ್ರಲ್ಲಿ ಸ್ಟೆಂಟಿಂದ ನೋವು ನಿಜಕ್ಕೂ ಕಮ್ಮಿ ಆಗುತ್ತೆ ಅಂತ ತೋರಿಸಿದಾರೆ.

ಆ 95 ಜನರನ್ನ ನೆನೆಸ್ಕೊಳ್ಳಿ. ತಮ್ಮ ಹೃದಯದಲ್ಲಿ ಬ್ಲಾಕ್ ಇದೆ ಅಂತ ಗೊತ್ತಿದೆ, ಒಳಗೆ ಹೋಗಿ ಬಂದಿದೀವಿ, ಹಾಕಿದಾರೋ ಇಲ್ವೋ ಗೊತ್ತಿಲ್ಲ, ಒಂದೂವರೆ ತಿಂಗಳು ಹಂಗೇ ಬದುಕಿದ್ರು. ನನಗೆ ಗುರುತು ಪರಿಚಯ ಇಲ್ಲದವ್ರು, ಅವ್ರು ಮಲಗಿದ್ದಕ್ಕೆ ನಾನು ಆ ಫಾರಮ್ಮಿಗೆ ಸಹಿ ಹಾಕ್ದೆ ಎದ್ದು ಬಂದಿದ್ದು ತಪ್ಪಲ್ಲ ಅಂತ ಗೊತ್ತಾಗ್ತಿದೆ.

ಕ್ಯಾಥ್ ಲ್ಯಾಬ್ ಸಖತ್ ಚಳಿ. ಬಲಗೈ ಮಣಿಕಟ್ಟಲ್ಲಿ ಮರಗಟ್ಟೋ ಇಂಜೆಕ್ಷನ್, ಅದೊಂದೇ ಚುಚ್ಚಿದ್ದು ಗೊತ್ತಾಗಿದ್ದು, ಒಳಗೆ ಟ್ಯೂಬ್ ಹೋಗಿದ್ದು ತೋಳಲ್ಲಿ ಸ್ವಲ್ಪ ಎಳೆದಂಗೆ ಅಷ್ಟೇ. ಎದೆ ಮೇಲೆ ಕ್ಯಾಮೆರಾ ಆ ಕಡೆ ಈ ಕಡೆ ತಿರುಗ್ತಾ ಇರುತ್ತೆ, ಪಕ್ಕದ ಸ್ಕ್ರೀನಲ್ಲಿ ನನ್ನ ನಾಳಗಳು ಮರದ ಕೊಂಬೆ ತರ ಕಪ್ಪಗೆ ಮೂಡಿ ಮಾಯ ಆಗೋದು. ಒಂದು ಕಡೆ ಕೊಂಬೆ ಸಣ್ಣಗಾಗಿದ್ದು ನಂಗೇ ಕಾಣಿಸ್ತು. ಆಮೇಲೆ ವೈರ್ ಹಾಕಿ "ಈಗ ಔಷಧಿ ಬಿಡ್ತೀವಮ್ಮ, ಎರಡು ನಿಮಿಷ ಉಸಿರು ಕಟ್ಟಿದಂಗಾಗುತ್ತೆ, ಹೆದರ್ಬೇಡಿ" ಅಂದ್ರು. ಅಡೆನೊಸಿನ್ ಅಂತ ಅದು. ಎದೆ ಮೇಲೆ ಭತ್ತದ ಮೂಟೆ ಇಟ್ಟಂಗಾಯ್ತು, ಮುಖ ಕಾದೋಯ್ತು, ಎರಡು ನಿಮಿಷ ಎರಡು ಗಂಟೆ ತರ ಇತ್ತು, ನಿಲ್ಲಿಸಿದ ತಕ್ಷಣ ಹೋಯ್ತು. ಸ್ಕ್ರೀನಲ್ಲಿ ಎರಡು ಗೆರೆ, ಒಂದು ಕೆಂಪು ಒಂದು ಹಸಿರು, ಕೆಳಗೆ ಒಂದು ಸಂಖ್ಯೆ ಇಳೀತಾ ಇತ್ತು. 0.94, 0.91, 0.88. ನಾನು ಅದನ್ನೇ ನೋಡ್ತಿದ್ದೆ. 0.86ಕ್ಕೆ ನಿಂತ್ಕೊಂತು.

"ಸ್ಟೆಂಟ್ ಬೇಡಮ್ಮ, ಕೊನೆ ಗದ್ದೆಗೆ ನೀರು ಹೋಗ್ತಿದೆ" ಅಂದ್ರು ಡಾಕ್ಟ್ರು. ಅಲ್ಲೇ ಮಲಗಿದ್ದ ಹಾಗೇ ಅತ್ತುಬಿಟ್ಟೆ.

ಮಣಿಕಟ್ಟಿಗೆ ಗಾಳಿ ತುಂಬಿದ ಪಟ್ಟಿ ಕಟ್ಟಿ ವಾರ್ಡಿಗೆ ಕಳಿಸಿದ್ರು, ಗಂಟೆಗೊಂದ್ಸಲ ಸಿಸ್ಟರ್ ಬಂದು ಸ್ವಲ್ಪ ಸ್ವಲ್ಪ ಗಾಳಿ ತೆಗೆಯೋರು. ಸಂಜೆ ಡಾಕ್ಟರಿಕೆಲಿ ಪಿಜಿ ಓದ್ತಿರೋ ಒಬ್ಬ ಹುಡುಗ ಬಂದ, ಕೈಲಿ ಫೈಲು, ಊಟನೂ ಮಾಡಿರ್ಲಿಲ್ಲ ಅನ್ಸುತ್ತೆ ಮುಖ ಬಾಡಿತ್ತು. "ಆಂಟಿ, ನನ್ನ ಥೀಸಿಸ್‌ಗೆ ಒಂದು ಸ್ಟಡಿ ಮಾಡ್ತಿದೀನಿ, ಪ್ರೆಷರ್ ವೈರ್ ಹಾಕಿ ಸ್ಟೆಂಟ್ ಬೇಡ ಅಂದವ್ರು ಮಾತ್ರೆ ಮೇಲೆ ಹೆಂಗಿದಾರೆ ಅಂತ. ನಿಮಗೆ ಇಷ್ಟ ಇದ್ರೆ ಮಾತ್ರ" ಅಂದ. ಎರಡು ಪುಟದ ಕನ್ನಡ ಫಾರಂ. ಅದ್ರ ಕನ್ನಡ ಗಟ್ಟಿಯಾಗಿತ್ತು, "ಸದರಿ ಅಧ್ಯಯನದಲ್ಲಿ ಸ್ವ ಇಚ್ಛೆಯಿಂದ ಭಾಗವಹಿಸಲು ಒಪ್ಪಿರುತ್ತೇನೆ" ಅಂತೆಲ್ಲ. ಆದ್ರೆ ಆ ಹುಡುಗ ಸ್ಟೂಲ್ ಎಳ್ಕೊಂಡು ಕೂತು ಒಂದೊಂದು ಸಾಲೂ ಓದಿ ಹೇಳಿದ. ಹೊಸ ಔಷಧಿ ಏನೂ ಕೊಡಲ್ಲ, ಫೋನ್ ಮಾಡಿ ಕೇಳೋದು ಅಷ್ಟೇ. ಹೆಸರಿನ ಬದಲು ನಂಬರ್ ಇರುತ್ತೆ. ಯಾವಾಗ ಬೇಕಾದ್ರೂ ಬಿಡ್ಬೋದು, ಬಿಟ್ರೆ ಟ್ರೀಟ್‌ಮೆಂಟಿಗೆ ತೊಂದರೆ ಆಗಲ್ಲ. ದೂರು ಇದ್ರೆ ಎಥಿಕ್ಸ್ ಕಮಿಟಿ ನಂಬರ್ ಇಲ್ಲಿದೆ ಅಂತ ತೋರಿಸ್ದ. ಈ ಕಮಿಟಿಲಿ ಡಾಕ್ಟ್ರಲ್ಲದ ಸಾಮಾನ್ಯ ಜನರೊಬ್ರೂ ಕಾನೂನು ತಿಳಿದವ್ರೊಬ್ರೂ ಇರ್ಲೇಬೇಕಂತೆ. ನಮ್ಮ ದೇಶದಲ್ಲಿ ನಡೆಯೋ ಟ್ರಯಲ್‌ಗಳ ಪಟ್ಟಿಗೆ ಸಿಟಿಆರ್‌ಐ ಅನ್ನೋ ರಿಜಿಸ್ಟ್ರಿ 2007ರಿಂದ ಇದೆ, ಯಾರು ಬೇಕಾದ್ರೂ ತೆಗೆದು ನೋಡ್ಬೋದು ಅನ್ನೋದೂ ಅವತ್ತೇ ಗೊತ್ತಾಗಿದ್ದು.

ಹೆಂಗಸ್ರು ಎಷ್ಟು ಜನ ಇದೀವಿ ನಿನ್ನ ಲಿಸ್ಟಲ್ಲಿ ಅಂತ ಕೇಳ್ದೆ. ಕಮ್ಮಿ ಆಂಟಿ, ಮನೆಯವ್ರನ್ನ ಕೇಳ್ಬೇಕು ಅಂತ ಹೇಳಿ ತುಂಬಾ ಜನ ಬೇಡ ಅಂತಾರೆ ಅಂದ. ನಾನು ನೋಟ್‌ಬುಕ್ ತೆಗೆದೆ. ಕರೇಜಲ್ಲಿ ನೂರಕ್ಕೆ 85 ಗಂಡಸ್ರು. ಇಸ್ಕೀಮಿಯಾದಲ್ಲಿ ಹೆಂಗಸ್ರು ನೂರಕ್ಕೆ 23. ನನ್ನ ಧೈರ್ಯಕ್ಕೆ ಕಾರಣ ಆದ ಈ ಎರಡು ಲೆಕ್ಕದಲ್ಲೂ ನನ್ನ ತರದವ್ರು ನಾಲ್ಕರಲ್ಲಿ ಒಬ್ರೂ ಇಲ್ಲ. ಹಂಗಿದ್ರೆ ನನ್ನ ದವಡೆ ಬಿಗಿತ, ನನ್ನ ಬೆನ್ನು ಹಿಡಿತ ಯಾವ ಪುಸ್ತಕಕ್ಕೆ ಹೋಗುತ್ತೆ, ಗ್ಯಾಸ್ ಮಾತ್ರೆ ಬರೆಯೋವ್ರು ಬರೀತಾನೇ ಇರ್ತಾರೆ. ಬಲಗೈಗೆ ಪಟ್ಟಿ ಇತ್ತು, ಎಡಗೈಲಿ ಸಹಿ ಹಾಕ್ದೆ, ಸೊಟ್ಟಗೆ ಬಂತು, ಪಕ್ಕದಲ್ಲಿ ಇವ್ರು ಸಾಕ್ಷಿ ಸಹಿ ಹಾಕಿದ್ರು. ಒಂದು ಕಾಪಿ ನನಗೆ ಕೊಟ್ಟ, ಬೀರುವಿನಲ್ಲಿ ಇಟ್ಟಿದೀನಿ.

ಈಗ ಎಲ್‌ಡಿಎಲ್ 66. ತೂಕ ಐದು ಕೆಜಿ ಇಳಿದಿದೆ. ಆ ಹುಡುಗ ಒಂದು ತಿಂಗಳಿಗೆ ಒಂದು ಸಲ, ಮೂರು ತಿಂಗಳಿಗೆ ಒಂದು ಸಲ ಫೋನ್ ಮಾಡಿದ್ದ, ಮೊದಲನೇ ಸಲ ನಾನು ಕ್ಲಾಸಲ್ಲಿದ್ದೆ, ಕಾದು ಮತ್ತೆ ಮಾಡ್ದ. ಎಷ್ಟು ಮೆಟ್ಲು ಹತ್ತಿದ್ರೆ ಬರುತ್ತೆ, ಎಲ್ಲಿ ಬರುತ್ತೆ, ಸಾರ್ಬಿಟ್ರೇಟ್ ಎಷ್ಟು ಸಲ ಇಟ್ಕೊಂಡ್ರಿ ಅಂತ ಕೇಳ್ತಾನೆ. ಅಂದಾಜಲ್ಲಿ ಹೇಳೋದು ಬೇಡ ಅಂತ ಡೈರಿಲಿ ಬರೆದಿಡ್ತಿದೀನಿ. ಮುಂದಿನ ಫೋನು ಏಪ್ರಿಲ್‌ನಲ್ಲಿ. ಈ ತಿಂಗಳು ಎರಡು ಸಲ ಬಂದಿದೆ, ಎರಡೂ ಸ್ಕೂಲ್ ಮೆಟ್ಲಲ್ಲೇ, ಎರಡೂ ಸಲ ದವಡೆ.